ಚಕ್ರವರ್ತಿ ಕಾಯುವ ಕೆಂಪು ಸಾಲು

ಬೆಳಗಿನ ಐದೂಕಾಲು. ಮರದ ಕಂಬಗಳ ಮೇಲೆ ಎತ್ತರಿಸಿ ಕಟ್ಟಿದ ಮನೆಯ ಜಗಲಿಯಲ್ಲಿ ಫೆಲಿಸ್ಮಿನಾ ಕ್ವರೆಸ್ಮಾ ತಾಳೆ ಹೆಂಡದ ಲೋಟ ಹಿಡಿದು ಕೂತಿದ್ದಾರೆ. ಹಲಗೆಗಳ ಸಂದಿಯಿಂದ ಎರಡು ಹನಿ ನೆಲಕ್ಕೆ ಬಿಡುತ್ತಾರೆ. ಅದು ತೀರಿಕೊಂಡ ಹಿರಿಯರ ಪಾಲು. ಹನಿ ಕೆಳಗೆ ಮಲಗಿದ್ದ ಹಂದಿಯ ಬೆನ್ನ ಮೇಲೆ ಬೀಳುತ್ತದೆ, ಹಂದಿ ಗುರ್ ಎನ್ನುತ್ತದೆ.

"ದಿನಾ ಇದರದ್ದೇ ಗೋಳು. ಹಿರಿಯರು ಒಬ್ರೂ ಬೇಡ ಅಂದಿಲ್ಲ, ಇದು ಮಾತ್ರ ಬೈಯುತ್ತೆ," ಎನ್ನುತ್ತಾ ಲೋಟ ಬದಿಗಿಟ್ಟು ನೋಟ್‌ಬುಕ್ಕು ಬಿಚ್ಚುತ್ತಾರೆ. ಉಳಿದ ಹೆಂಡ ಯಾರ ಪಾಲು ಎಂದು ಈ ಮನೆಯಲ್ಲಿ ಯಾರೂ ಕೇಳುವುದಿಲ್ಲ.

ಫೆಲಿಸ್ಮಿನಾ ಅವರಿಗೆ ಐವತ್ತೆಂಟು. ಸಾವೊ ತೊಮೆ ದ್ವೀಪದ ಈ ಪುಟ್ಟ ಊರಿನಲ್ಲಿ ಚಿಲೋಲಿ ಎಂಬ ಬಯಲಾಟ ಆಡುವ ಮೇಳಕ್ಕೆ ನಲವತ್ತನಾಲ್ಕು ವರ್ಷಗಳಿಂದ ಪಾತ್ರಗಳ ಮಾತು ನಕಲು ಮಾಡಿಕೊಡುವುದು ಅವರ ಕೆಲಸ. ಆಟ ಶುರುವಾದರೆ ಬೆಳಗಿನಿಂದ ಸಂಜೆಯವರೆಗೆ. ಅಂಗಳದ ನಡುವೆ ಮೊಳದುದ್ದದ ಶವಪೆಟ್ಟಿಗೆ. ಚಕ್ರವರ್ತಿಯ ಮಗ ಬೇಟೆಯಲ್ಲಿ ಒಬ್ಬ ಯುವಕನನ್ನು ಕೊಂದಿದ್ದಾನೆ, ಸತ್ತವನ ತಾಯಿ ನ್ಯಾಯ ಕೇಳಲು ಬಂದಿದ್ದಾಳೆ. ಹೆತ್ತ ಮಗನಿಗೆ ಅಪ್ಪ ಶಿಕ್ಷೆ ಕೊಟ್ಟಾನೋ ಇಲ್ಲವೋ, ಇಷ್ಟೇ ಕಥೆ. ನೂರಾರು ವರ್ಷಗಳ ಹಿಂದೆ ಪೋರ್ಚುಗೀಸರು ಹಡಗಿನಲ್ಲಿ ತಂದ ಪದ್ಯ ಇದು. ಹಡಗು ವಾಪಸು ಹೋಯಿತು, ಪದ್ಯ ಇಲ್ಲೇ ಉಳಿಯಿತು.

ಪಾತ್ರಗಳು ಮೂವತ್ತೆರಡು, ಎಲ್ಲ ಗಂಡಸರವೇ. ತಾಯಿಯ ಪಾತ್ರವೂ ಗಂಡಸಿನದೇ. ಅಪ್ಪನ ಪಾತ್ರ ಮಗನಿಗೆ ಬರುತ್ತದೆ. ಇಡೀ ಆಟದ ಮಾತು ಯಾರ ಕೈಗೂ ಸಿಗುವುದಿಲ್ಲ. ಒಬ್ಬೊಬ್ಬನಿಗೂ ಅವನವನ ಮಾತಷ್ಟೇ ಬರೆದ ಒಂದು ನೋಟ್‌ಬುಕ್ಕು. ಅವನ ಮಾತು ನೀಲಿ ಶಾಯಿಯಲ್ಲಿ. ಅದಕ್ಕೆ ಮುಂಚೆ ಎದುರಿನವನು ಹೇಳುವ ಕೊನೆಯ ಸಾಲು ಕೆಂಪಿನಲ್ಲಿ. ಕೆಂಪು ಸಾಲು ಕಿವಿಗೆ ಬೀಳುವವರೆಗೆ ಯಾರೂ ಬಾಯಿ ತೆರೆಯುವಂತಿಲ್ಲ, ಕೂತವನು ಏಳುವಂತಿಲ್ಲ. ಅದು ಮೇಳದ ಕಟ್ಟಳೆ. ನೂರನಲವತ್ತು ಪುಟಗಳ ಪೂರ್ತಿ ಪಠ್ಯ ಇರುವುದು ಫೆಲಿಸ್ಮಿನಾ ಅವರ ತಗಡಿನ ಟ್ರಂಕಿನಲ್ಲಿ ಮಾತ್ರ, ಕರ್ಪೂರದ ಗುಳಿಗೆಗಳ ಜೊತೆ.

ಈ ದ್ವೀಪದ ತೇವಕ್ಕೂ ಗೆದ್ದಲಿಗೂ ಒಂದು ನೋಟ್‌ಬುಕ್ಕು ನಾಲ್ಕು ವರ್ಷ ತಡೆದರೆ ಹೆಚ್ಚು. ವರ್ಷಕ್ಕೆ ಎಂಟು ಹೊಸದಾಗಿ ಬರೆಯಬೇಕು. ಬರೆಯುವ ದಿನ ನಾಲ್ಕು ಪುಟ, ಏಳು ಗಂಟೆಯವರೆಗೆ. ಆಮೇಲೆ ಹೊಲಿಗೆ ಯಂತ್ರ, ಶಾಲೆ ಮಕ್ಕಳ ಅಂಗಿ. ಮಧ್ಯಾಹ್ನಕ್ಕೆ ಸುಟ್ಟ ದಿವಿಹಲಸು, ಒಣಮೀನು. ಇದುವರೆಗೆ ಮುನ್ನೂರೈವತ್ತಕ್ಕೂ ಹೆಚ್ಚು ನೋಟ್‌ಬುಕ್ಕುಗಳು ಅವರ ಕೈಯಿಂದ ಹೋಗಿವೆ. ಒಂದರಲ್ಲೂ ಅವರ ಹೆಸರಿಲ್ಲ.

ಹೆಸರಿಲ್ಲದ್ದಕ್ಕೆ ಕಾರಣವಿದೆ. ಬರೆಯುವ ಕೆಲಸ ಅಪ್ಪನದಾಗಿತ್ತು. ಅಪ್ಪನ ಕಣ್ಣು ಮಂಜಾದಾಗ ಹದಿನಾಲ್ಕರ ಹುಡುಗಿ ಪೆನ್ನು ಹಿಡಿದಳು. ಮೇಳಕ್ಕೆ ಹೇಳಲಿಲ್ಲ. ಆಟದ ಮಾತನ್ನು ಹೆಂಗಸು ಮುಟ್ಟಬಾರದು ಎನ್ನುವವರ ಕಾಲ ಅದು. ಆರು ವರ್ಷದ ಮೇಲೆ ಅಪ್ಪ ತೀರಿಕೊಂಡರು. ಮಂತ್ರಿ ಪಾತ್ರದವನ ನೋಟ್‌ಬುಕ್ಕು ಅರ್ಧಕ್ಕೆ ನಿಂತಿತ್ತು. ಫೆಲಿಸ್ಮಿನಾ ಮುಗಿಸಿ, ಅವನ ಮನೆ ಬಾಗಿಲಲ್ಲಿಟ್ಟು ಬಂದರು. ಅದೇ ಕೈಬರಹ, ಅದೇ ಕೆಂಪು, ಅದೇ ನೀಲಿ.

"ಸತ್ತೋನು ಬರೀತಿದ್ದಾನೆ ಅಂತ ಊರೆಲ್ಲ ಗುಲ್ಲು. ನಮ್ಮ ಮನೆ ಮೆಟ್ಟಿಲಿಗೆ ತಾಳೆ ಹೆಂಡ, ಬಾಳೆಹಣ್ಣು, ಒಂದ್ಸಲ ಹುಂಜ ಕೂಡ ಬಂತು. ಎರಡು ವರ್ಷ ನಾನು ಪಿಟ್ ಅನ್ಲಿಲ್ಲ. ಹುಂಜ ಚೆನ್ನಾಗಿತ್ತು," ಎಂದು ಫೆಲಿಸ್ಮಿನಾ ನಗುತ್ತಾರೆ. ಹಿರಿಯರು ಸತ್ತ ಮೇಲೂ ಆಟ ಬಿಡುವುದಿಲ್ಲ ಎಂದು ನಂಬಿದ ಊರಿಗೆ ಮಾತ್ರ ಆಗಬಹುದಾದ ತಪ್ಪು ಅದು. ನಿಜ ಗೊತ್ತಾದಾಗ ಒಂದಿಬ್ಬರು ಮುಖ ಗಂಟಿಕ್ಕಿಕೊಂಡರಂತೆ. ಆದರೆ ಅಷ್ಟು ದುಂಡಗೆ ಬರೆಯುವವರು ಬೇರೆ ಯಾರೂ ಇರಲಿಲ್ಲ.

ಕಷ್ಟ ಬಂದದ್ದು ಹೋದ ವರ್ಷ, ಅದೂ ಸಂತೋಷದ ವೇಷದಲ್ಲಿ. ಮೇಳದ ಯಜಮಾನ ಅಬೀಲಿಯು ಚಕ್ರವರ್ತಿಯ ಪಾತ್ರಧಾರಿ, ಉಳಿದ ದಿನ ಬೈಕ್ ಟ್ಯಾಕ್ಸಿ ಓಡಿಸುತ್ತಾನೆ. ಒಂದು ಬೆಳಿಗ್ಗೆ ಅಚ್ಚಾದ ಪುಸ್ತಕ ಹಿಡಿದು ಓಡಿಬಂದ.

"ಸಾನ್ ಫೆಲಿಸ್ಮಿನಾ, ಲಿಸ್ಬನ್ನಿಂದ ಕರೆ ಬಂದಿದೆ! ದೊಡ್ಡ ರಂಗಮಂದಿರ!" ಸಾನ್ ಎಂದರೆ ಇಲ್ಲಿ ಹಿರಿಯ ಹೆಂಗಸಿಗೆ ಕೊಡುವ ಮರ್ಯಾದೆ.

"ಒಳ್ಳೇದಾಯ್ತಲ್ಲ. ಸ್ವೆಟರ್ ತಗೋ."

"ಒಂದು ಮಾತಿದೆ. ಅಲ್ಲಿನ ಪ್ರೊಫೆಸರು ನಮ್ಮ ಆಟದ ವಿಡಿಯೋ ನೋಡಿ ಈ ಪುಸ್ತಕ ಕಳಿಸಿದ್ದಾರೆ. ಮೂಲ ಇದೇ ಅಂತೆ. ತಾಯಿ ಹೇಳೋ ಆ ಹದಿನಾರು ಸಾಲು ಇದರಲ್ಲಿಲ್ಲ. ಯಾರೋ ಮಧ್ಯೆ ತುರುಕಿದ್ದು, ತೆಗೀರಿ ಅಂದಿದ್ದಾರೆ."

"ಯಾರೋ ಅಲ್ಲ. ನಮ್ಮ ತಾತ."

"ಗೊತ್ತು ಸಾನ್. ಆದ್ರೂ..." ಅಬೀಲಿಯು ತಲೆ ಕೆರೆದುಕೊಂಡ.

ಆ ಹದಿನಾರು ಸಾಲಿನ ಕಥೆ ಊರಿಗೆಲ್ಲ ಗೊತ್ತು. ಪೋರ್ಚುಗೀಸರ ಕೋಕೋ ತೋಟಗಳ ಕಾಲ. ಫೆಲಿಸ್ಮಿನಾ ಅವರ ತಾತ ಬರೆದರು. ಈಗ ತಾಯಿಯ ಪಾತ್ರ ಮಾಡುವ ಗಾರೆ ಕೆಲಸದ ಅರ್ಜೆಮಿರುವಿನ ತಾತ ಅದೇ ಪಾತ್ರದಲ್ಲಿ ಅದನ್ನು ಹೇಳಿದರು. ತಾಯಿ ಪೆಟ್ಟಿಗೆ ತೋರಿಸಿ ಕೇಳುತ್ತಾಳೆ: ಇದು ಇಷ್ಟು ಚಿಕ್ಕದು ಯಾಕೆ ಗೊತ್ತೇ ದೊರೆಯೇ? ಮುಂಜಾನೆ ತೋಟಕ್ಕೆ ಹೋಗಿ ಸಂಜೆ ಬಾರದವರಿಗೆ ಇಷ್ಟೂ ಸಿಗಲಿಲ್ಲ. ಅವರೆಲ್ಲ ಇದರಲ್ಲೇ ಒತ್ತಿಕೊಂಡು ಮಲಗಿದ್ದಾರೆ. ಕೊನೆಯ ಸಾಲು: ನ್ಯಾಯ ಕೊಡುವವನು ಮೊದಲು ಎದ್ದು ನಿಲ್ಲಲಿ. ಆಗ ಚಕ್ರವರ್ತಿ ಏಳಬೇಕು.

"ಮೊದಲ ಸಲ ಹೇಳಿದಾಗ ತೋಟದ ಬಿಳಿ ಮ್ಯಾನೇಜರು ಮುಂದೆ ಕುರ್ಚಿ ಹಾಕ್ಕೊಂಡು ಕೂತಿದ್ದನಂತೆ. ಎಲ್ಲರ ಜೀವ ಬಾಯಿಗೆ ಬಂದಿತ್ತು. ಅವನು ಎದ್ದು ನಿಂತು ಚಪ್ಪಾಳೆ ಹೊಡೆದ. ನಮ್ಮ ಪೋರ್ಚುಗೀಸ್ ಕಾವ್ಯ ಎಷ್ಟು ಚೆನ್ನ ಅಂದ. ಅಪ್ಪ ಆಗ ಚಿಕ್ಕೋನು, ತಮಟೆ ಬಡೀತಿದ್ದ. ಸಾಯೋವರೆಗೂ ಹೇಳಿ ಹೇಳಿ ನಗ್ತಿದ್ದ," ಎನ್ನುತ್ತಾರೆ ಫೆಲಿಸ್ಮಿನಾ. ಅಂದು ತಮ್ಮದೆಂದು ಚಪ್ಪಾಳೆ, ಇಂದು ತಮ್ಮದಲ್ಲವೆಂದು ಕತ್ತರಿ.

ಅವರಿಗೆ ತುಂಬಾ ನೋವಾಯಿತು. ಅದನ್ನು ಮುಚ್ಚಿಡುವುದಿಲ್ಲ. "ನಾಲ್ಕು ದಿನ ಪೆನ್ನು ಮುಟ್ಟಲಿಲ್ಲ. ಅಚ್ಚಾದದ್ದು ಅಂದ್ರೆ ದೊಡ್ಡದು, ಕೈಯಲ್ಲಿ ಬರೆದದ್ದು ಅಂದ್ರೆ ತಪ್ಪು. ಅಷ್ಟೇ ತಾನೇ?" ಆದರೂ ಹುಡುಗರು ಲಿಸ್ಬನ್ ನೋಡುವ ಆಸೆಯಲ್ಲಿದ್ದರು. ಅವರ ಆಸೆಗೆ ಕಲ್ಲು ಹಾಕುವವರು ಫೆಲಿಸ್ಮಿನಾ ಅಲ್ಲ. ಮೂವತ್ತೆರಡು ನೋಟ್‌ಬುಕ್ಕುಗಳನ್ನೂ ಏಳು ತಿಂಗಳಲ್ಲಿ ಹೊಸದಾಗಿ ಬರೆದರು. ತಾಯಿ ಪಾತ್ರದ ನೋಟ್‌ಬುಕ್ಕಿನಲ್ಲಿ ಹದಿನಾರು ಸಾಲು ಇರಲಿಲ್ಲ. ಹೇಳಿದ ಮಾತು ಹೇಳಿದಂತೆ ಪಾಲಿಸಿದ್ದರು.

ಹೊಸ ಪಠ್ಯದ ಮೊದಲ ಆಟಕ್ಕೆ ಅಂಗಳ ತುಂಬಿತ್ತು. ಪೆಟ್ಟಿಗೆಯ ಮುಂದೆ ನಿಂತ ಅರ್ಜೆಮಿರು, ಕಪ್ಪು ಮುಸುಕಿನೊಳಗೆ, ಪುಸ್ತಕದಲ್ಲಿದ್ದಷ್ಟು ಹೇಳಿ ನಿಲ್ಲಿಸಿದ. ಸಿಂಹಾಸನದ ಮೇಲೆ ಅಬೀಲಿಯು ಕೂತೇ ಇದ್ದ. ಕೊಳಲು ನಿಂತಿತು. ಪಾತ್ರ ಬಾಯಿಪಾಠವಿದ್ದುದರಿಂದ ಅಲ್ಲಿಯವರೆಗೆ ಬಿಚ್ಚಿರದ ನೋಟ್‌ಬುಕ್ಕನ್ನು ಅಬೀಲಿಯು ಮೆಲ್ಲಗೆ ತೆರೆದು ನೋಡಿದ. ಅವನ ಮಾತಿನ ಮೇಲೆ ಕೆಂಪಿನಲ್ಲಿ ಹಳೆಯ ಸಾಲೇ ಇತ್ತು: ನ್ಯಾಯ ಕೊಡುವವನು ಮೊದಲು ಎದ್ದು ನಿಲ್ಲಲಿ. ಅದನ್ನು ಹೇಳುವವರು ಈಗ ಆಟದಲ್ಲಿ ಯಾರೂ ಇರಲಿಲ್ಲ. ಕೇಳದೆ ಏಳುವಂತಿಲ್ಲ. ಹಾಗೆ ಅವನ ಅಪ್ಪ ಎಂದೂ ಎದ್ದಿರಲಿಲ್ಲ, ತಾತ ಎದ್ದಿರಲಿಲ್ಲ.

"ಏನಪ್ಪಾ ಚಕ್ರವರ್ತಿ, ಕಾಲಿಗೆ ಜೋಮು ಹಿಡೀತಾ?" ಎಂದು ಮೀನು ಮಾರುವವಳೊಬ್ಬಳು ಕೂಗಿದಳು. ಯಾರೂ ನಗಲಿಲ್ಲ. ಹಿಂದಿನಿಂದ ಒಬ್ಬ ಮುದುಕಿ ಹದಿನಾರರಲ್ಲಿ ಮೊದಲನೆಯ ಸಾಲು ಹೇಳಿದಳು. ಎರಡನೆಯದಕ್ಕೆ ನಾಲ್ಕು ದನಿ ಸೇರಿದವು. ಆರನೆಯದಕ್ಕೆ ಇಡೀ ಅಂಗಳ. ಆಟದಲ್ಲಿ ಎಂದೂ ಬಾಯಿ ಬಿಡದ ಹೆಂಗಸರ ದನಿಯೇ ಹೆಚ್ಚಾಗಿತ್ತು. ಮುಸುಕಿನೊಳಗೆ ಅರ್ಜೆಮಿರು ಅಳುತ್ತಿದ್ದ. ಕೊನೆಯ ಸಾಲು ಬಂದಾಗ ಅಬೀಲಿಯು ಎದ್ದು ನಿಂತ.

ಆಟ ಮುಗಿದ ಮೇಲೆ ಅಬೀಲಿಯು ನೇರ ಫೆಲಿಸ್ಮಿನಾ ಅವರ ಮನೆಗೆ ಬಂದ. "ಬೇಕು ಅಂತಾನೇ ಮಾಡಿದ್ರಿ ಅಲ್ವಾ ಸಾನ್?"

"ವಯಸ್ಸಾಯ್ತಪ್ಪ, ಮರೆತುಹೋಯ್ತು," ಎಂದರು ಫೆಲಿಸ್ಮಿನಾ. ನಲವತ್ತನಾಲ್ಕು ವರ್ಷದಲ್ಲಿ ಅವರು ಮರೆತ ಸಾಲು ಅದೊಂದೇ.

ಬಂದರೆ ಹದಿನಾರು ಸಾಲಿನ ಜೊತೆಗೇ ಬರುತ್ತೇವೆ ಎಂದು ಮೇಳ ಲಿಸ್ಬನ್ನಿಗೆ ಬರೆದಿದೆ. ಉತ್ತರ ಇನ್ನೂ ಬಂದಿಲ್ಲ. ಫೆಲಿಸ್ಮಿನಾ ಈಗ ತಾಯಿ ಪಾತ್ರದ ನೋಟ್‌ಬುಕ್ಕನ್ನು ಮತ್ತೆ ಬರೆಯುತ್ತಿದ್ದಾರೆ, ಇವತ್ತು ಹನ್ನೊಂದನೆಯ ಪುಟ. ಆಟದಲ್ಲಿ ಪಾತ್ರ ಮಾಡುವ ಆಸೆ ಎಂದಾದರೂ ಇತ್ತೇ ಎಂದು ಕೇಳಿದರೆ ಪೆನ್ನಿನ ಮುಚ್ಚಳ ಹಾಕುತ್ತಾರೆ.

"ಬಿಸಿಲಲ್ಲಿ ದಿನವಿಡೀ ಯಾರು ನಿಲ್ತಾರೆ? ಅಬೀಲಿಯು ಚಕ್ರವರ್ತಿ, ಸರಿ. ಆದ್ರೆ ನಾನು ಕೆಂಪಲ್ಲಿ ಬರೆದದ್ದು ಕಿವಿಗೆ ಬೀಳೋವರೆಗೆ ಅವನು ಕೂತೇ ಇರಬೇಕು."