ಉಸ್ತಾದನ ಡಬ್ಬಿಯೊಳಗೆ

ಬಸವಕಲ್ಯಾಣದ ನಮ್ಮ ಮದುವೆ ಆರ್ಕೆಸ್ಟ್ರಾದಲ್ಲಿ ನಾನು ಎರಡನೇ ಗಿಟಾರು. ಮೊದಲನೆಯವನು ಉಸ್ತಾದ. ಆ ಪದವಿಯನ್ನು ಅವನಿಗೆ ಯಾರೂ ಕೊಟ್ಟಿರಲಿಲ್ಲ, ಬ್ಯಾನರಿನಲ್ಲಿ ತಾನೇ ಬರೆಸಿಕೊಂಡಿದ್ದ. ಅಪ್ಪನದು ಬಟ್ಟೆ ಅಂಗಡಿ, ಮೈಮೇಲೆ ಮಿಂಚುವ ಕೋಟು, ತಂತಿಗಳ ಮೇಲೆ ಬೆರಳಿಗೆ ಬರುತ್ತಿದ್ದುದು ನಾಲ್ಕೇ ಪಟ್ಟು. ಐದನೆಯದು ಬೇಕಾದ ಕಡೆ ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿದ್ದ. ಜನ ಅದಕ್ಕೇ ಹೆಚ್ಚು ಚಪ್ಪಾಳೆ ಹೊಡೆಯುತ್ತಿದ್ದರು.

ಅವನ ಹೆಮ್ಮೆಯೆಲ್ಲ ಒಂದು ಪೆಡಲಿನಲ್ಲಿತ್ತು. ಗಿಟಾರಿಗೂ ಸ್ಪೀಕರಿಗೂ ನಡುವೆ ನೆಲದ ಮೇಲಿಡುವ ಕಬ್ಬಿಣದ ಡಬ್ಬಿ ಅದು. ಕಾಲಿನಿಂದ ಒತ್ತಿದರೆ ದನಿ ಒಡೆದು ಗರ್ಜಿಸುತ್ತದೆ. ಪುಣೆಯಲ್ಲಿ ಯಾರೋ ಒಬ್ಬ ಕೈಯಿಂದ ಮಾಡಿಕೊಟ್ಟದ್ದಂತೆ, ಅಂಥದ್ದು ಎರಡನೆಯದು ಇಲ್ಲವಂತೆ. ಮಖಮಲ್ಲಿನಲ್ಲಿ ಸುತ್ತಿಡುತ್ತಿದ್ದ. ಹೊರುವ ಕೆಲಸ ಮಾತ್ರ ನನ್ನದು.

ಹುಮನಾಬಾದಿನ ಒಂದು ಮದುವೆಯ ದಿನ ಮಧ್ಯಾಹ್ನ ಅದು ಸತ್ತುಹೋಯಿತು. ಉಸ್ತಾದ ಕುರ್ಚಿಯಲ್ಲಿ ಕುಸಿದು, "ಇದಿಲ್ದ ನಾ ಬಾರಿಸಂಗಿಲ್ಲ" ಎಂದು ಮುಖ ಊದಿಸಿ ಕೂತ. ನಾನು ಡಬ್ಬಿ ಎತ್ತಿಕೊಂಡು ಬಸ್ ಸ್ಟ್ಯಾಂಡ್ ಹಿಂದಿನ ರೇಡಿಯೊ ರಿಪೇರಿ ಅಂಗಡಿಗೆ ಹೋದೆ. ಗಂಡ ತೀರಿಕೊಂಡ ಮೇಲೆ ಅಂಗಡಿಯನ್ನು, ಎಲ್ಲರೂ ಅಕ್ಕ ಎಂದು ಕರೆಯುವ ಹೆಂಗಸು ಒಬ್ಬಳೇ ನಡೆಸುತ್ತಿದ್ದಳು.

ನಾಲ್ಕು ಸ್ಕ್ರೂ ಬಿಚ್ಚಿ ನೋಡಿದರೆ ಒಳಗೆಲ್ಲ ಡಾಂಬರಿನಂಥ ಕಪ್ಪು ಅಂಟು.

"ಇದೇನ್ರೀ ಅಕ್ಕಾರ?"

"ಒಳಗ ಏನದಾ ಅಂತ ಯಾರಿಗೂ ಕಾಣಬಾರದಂತ ಮಾಡಿದಾಂವ ಬಳದಾನ, ತಮ್ಮಾ."

ಬ್ಯಾಟರಿಯ ವೈರು ಕಿತ್ತಿತ್ತು, ಬೆಸೆದಳು. ಆಮೇಲೆ ತಡೆಯಲಾರದೆ ಬ್ಲೇಡಿನಿಂದ ಒಂದು ಮೂಲೆಯ ಅಂಟು ಕೆರೆದಳು. ಎಂಟು ಕಾಲಿನ ಒಂದು ಐಸಿ ಚಿಪ್ಪು, ಎರಡು ಡಯೋಡು, ಅಷ್ಟೇ. ಅವಳು ಮಗ್ಗುಲಿನ ಬಿಸ್ಕಿಟ್ ಡಬ್ಬಿಯೊಳಗೆ ಕೈ ಹಾಕಿ ಅದೇ ನಂಬರಿನ ಚಿಪ್ಪು ತೆಗೆದು ನನ್ನ ಅಂಗೈ ಮೇಲೆ ಇಟ್ಟಳು. "ಹಳೀ ಟೇಪ್ ರಿಕಾರ್ಡರಿಂದು. ಬೇಕಾದ್ರ ಒಯ್ಯಿ."

ಮದುವೆಯಲ್ಲಿ ಉಸ್ತಾದ ಪೆಡಲ್ ಒತ್ತಿ, ಮೈಕಿನಲ್ಲಿ, "ಇದು ಅಸಲಿ ದನಿ!" ಎಂದ. ನನಗೆ ನಗು ಬರಲಿಲ್ಲ, ಹೇಸಿಗೆ ಬಂತು. ಅವನ ಪಕ್ಕದಲ್ಲಿ ಇಷ್ಟು ದಿನ ಆ ಮಖಮಲ್ಲು ಹೊತ್ತಿದ್ದಕ್ಕೂ ಬಂತು.

ಮುಂದಿನ ಭಾನುವಾರದಿಂದ ಹುಮನಾಬಾದಿಗೆ ಹೋಗತೊಡಗಿದೆ. ಅಕ್ಕ ಬೆಸುಗೆ ಕಲಿಸಿದಳು, ನಾನು ಬೆರಳು ಸುಟ್ಟುಕೊಂಡೆ. ನನ್ನ ಮೊದಲ ಪೆಡಲಿನಲ್ಲಿ ಗಿಟಾರು ಕೇಳಿಸಲೇ ಇಲ್ಲ, ರೇಡಿಯೊದ ತೊಗರಿ ಬೆಳೆಯ ಸಲಹೆ ಕೇಳಿಸಿತು. ಎರಡನೆಯದು ಹಾಡಿತು. ಅದನ್ನು ಸ್ಟೀಲಿನ ಸಾಬೂನು ಡಬ್ಬಿಯಲ್ಲಿ ಕೂಡಿಸಿ ತಾಲೀಮಿಗೆ ಒಯ್ದೆ.

ಉಸ್ತಾದ ಕೇಳಿ ಮೂಗು ಮುಚ್ಚಿಕೊಂಡ. "ಸಾಬೂನಿನ ವಾಸನಿ ಬರಾಕತ್ತದ." ಡೋಲಕ್‌ನವನು, ಕೀಬೋರ್ಡಿನವನು, ಕೆಮ್ಮುತ್ತಿದ್ದ ಗಾಯಕನೂ ನಕ್ಕರು. ಅವರು ಉಸ್ತಾದನ ಮನೆಯ ಊಟಕ್ಕೆ ನಗುವವರು.

"ನಿನ್ನ ಡಬ್ಬಿಯಾಗೂ ಇದೇ ಚಿಪ್ಪು ಅದಾ" ಅಂದೆ. "ಅಂಟು ಕೆರೆದಾಗ ನೋಡೀನಿ."

"ಒಂದೇ ಮಣ್ಣಿನಾಗ ದೇವ್ರನ್ನೂ ಮಾಡ್ತಾರ, ಒಲೀನೂ ಮಾಡ್ತಾರ" ಎಂದ. ಅವನ ಬಾಯಿಂದ ಬಂದ ಒಂದೇ ಒಳ್ಳೆಯ ಮಾತು, ಅದೂ ಸುಳ್ಳನ್ನು ಕಾಯಲಿಕ್ಕೆ. ಆರ್ಕೆಸ್ಟ್ರಾ ಬಿಟ್ಟೆ.

ಸ್ವಲ್ಪ ದಿನಕ್ಕೆ ಮುಡಬಿಯ ಭಜನಾ ಮೇಳದ ಒಬ್ಬ ಹಿರಿಯ ರೈತ ಬಂದ. ಗುಂಡಿ ಒತ್ತಿ ಬಾರಿಸುವ ಬೆಂಜೋ ಅವನದು, ಅದರ ದನಿ ತುಸು ದಪ್ಪ ಆಗಬೇಕಿತ್ತು. ಒಂದು ಪೆಡಲ್ ಮಾಡಿದೆ. ಡಬ್ಬಿ ಮುಚ್ಚುವ ಮೊದಲು ಅಕ್ಕನ ಅಂಗಡಿಯಲ್ಲೇ ಕೂತು ಚಿಪ್ಪಿನ ನಂಬರನ್ನು ಉಪ್ಪುಕಾಗದದಿಂದ ಉಜ್ಜತೊಡಗಿದೆ.

ಅಕ್ಕ ನೋಡಿದಳು. "ಏನು ಮಾಡಾಕತ್ತೀಯೊ?"

"ಯಾರರ ನೋಡಿ ನಕಲು ಮಾಡ್ತಾರ್ರಿ."

"ಮಾಡ್ಲಿ." ಕೈಯಲ್ಲಿದ್ದ ಮಿಕ್ಸರ್ ಕೆಳಗಿಟ್ಟಳು. "ನಿನಗ ನಾ ಏನು ಮುಚ್ಚಿಟ್ಟು ಕಲಿಸೀನೇನು?"

ಉಸ್ತಾದನ ಮೇಲಿದ್ದ ತಿರಸ್ಕಾರವೆಲ್ಲ ಒಮ್ಮೆಗೇ ನನ್ನ ಕಡೆ ತಿರುಗಿತು. ಅವನಾದರೂ ಮೋಸ ಹೋದವನು, ಮೋಸ ಮಾಡಲು ಹೊರಟಿದ್ದವನು ನಾನು. ಆ ಚಿಪ್ಪು ಕಿತ್ತು ಬೇರೆ ಹಾಕಿದೆ.

ಉಸ್ತಾದ ತನ್ನ ಪೆಡಲನ್ನು, ಅಕ್ಕ ಕೆರೆದ ಮೂಲೆಗೆ ಬೂಟ್ ಪಾಲಿಶ್ ಬಳಿದು, ಇನ್ನೊಬ್ಬ ಉಸ್ತಾದನಿಗೆ ಮಾರಿದನೆಂದು ಕೇಳಿದೆ. ಆ ಇನ್ನೊಬ್ಬನೂ ಈಗ ಅದೇ ಅಸಲಿ ಅನ್ನುತ್ತಾನಂತೆ. ನಾನು ಮಾಡುವ ಪೆಡಲುಗಳಲ್ಲಿ ಮುಚ್ಚಳದ ಒಳಮೈಗೆ ಒಳಗಿನ ಜೋಡಣೆಯ ನಕ್ಷೆ ಬರೆದು ಅಂಟಿಸಿರುತ್ತೇನೆ. ಬಿಚ್ಚಿ ನೋಡಿದವರು ಇದುವರೆಗೆ ಇಬ್ಬರೇ. ಒಬ್ಬಳು ಅಕ್ಕ, ಇನ್ನೊಬ್ಬ ಮುಡಬಿಯ ರೈತ. ಅದನ್ನು ನೋಡಿಕೊಂಡು ತನ್ನ ಕೈಯಾರೆ ಇನ್ನೊಂದು ಮಾಡಿದ, ನನ್ನದಕ್ಕಿಂತ ಚೆನ್ನಾಗಿದೆ.