ನೋಡಲಿಕ್ಕಿಟ್ಟ ಪಿಯಾನೋ

ನಮ್ಮ ಜನ ಒಂದು ವಸ್ತುವನ್ನು ಗೌರವಿಸಬೇಕೆಂದು ನಿರ್ಧರಿಸಿದರೆ ಮೊದಲು ಅದಕ್ಕೊಂದು ಕವರ್ ಹೊಲಿಸುತ್ತಾರೆ. ಫ್ರಿಜ್ಜಿಗೆ ಹೂವಿನದು, ಸೋಫಾಕ್ಕೆ ಕೊನೆಯವರೆಗೂ ಬಿಚ್ಚದ ಪ್ಲಾಸ್ಟಿಕ್ಕು. ಗುಂಡ್ಲುಪೇಟೆಯಲ್ಲಿ ನನ್ನ ತಂಗಿಯ ಗಂಡ ಮಹದೇವಸ್ವಾಮಿ ಹೊಸ ಮನೆಯ ಹಾಲಿನಲ್ಲಿ ತಂದಿಟ್ಟ ಪಿಯಾನೋಗೆ ಸಿಕ್ಕಿದ್ದು ಜರಿಯಂಚಿನ ಕೆಂಪು ಮಖಮಲ್ಲು. ಧಾನ್ಯ, ಈರುಳ್ಳಿಗಳ ಈ ವರ್ತಕನಿಗೆ ಆರು ವರ್ಷದ ಮಗಳಿದ್ದಾಳೆ, ಹೆಸರು ಧನ್ಯ. ಧಾನ್ಯದಿಂದ ಬಾರದ ಸಂಸ್ಕಾರ ಧನ್ಯಳಿಂದಾದರೂ ಮನೆಗೆ ಬರಲಿ ಎಂಬ ಘನೋದ್ದೇಶದಿಂದ ಕೊಂಡ ವಾದ್ಯವನ್ನು ಆ ಮಗುವೇ ಮುಟ್ಟುವಂತಿರಲಿಲ್ಲ. ಬೆರಳಿನ ಗುರುತು ಬೀಳುತ್ತದಂತೆ. ನಾವು ಹಾರ್ಮೋನಿಯಂನವರು ಒತ್ತುವ ಪಟ್ಟಿಗಳನ್ನು 'ಮನೆ' ಎನ್ನುತ್ತೇವೆ. ಹೊಸ ಮನೆಗೆ ಊರಿಗೂರೇ ಬಂದು ಉಂಡು ಹೋಯಿತು. ಪಿಯಾನೋದ ಮನೆಗಳಿಗೆ ಮಾತ್ರ ಗೃಹಪ್ರವೇಶವಾಗಲಿಲ್ಲ.

ಮುಸುಕು ಸರಿಯುತ್ತಿದ್ದುದು ಭಾನುವಾರ ಮಾತ್ರ. ಅಂದು ಮೈಸೂರಿನಿಂದ ಒಬ್ಬ ಮೇಷ್ಟ್ರು ಬಂದು, ಏಕಾಗ್ರತೆಯ ಹೆಸರಿನಲ್ಲಿ ಹಾಲಿನ ಬಾಗಿಲು ಹಾಕಿಕೊಂಡು ಪಾಠ ಹೇಳುತ್ತಿದ್ದರು. ಅಂದೇ ತಪ್ಪದೆ ಧನ್ಯಳಿಗೆ ಹೊಟ್ಟೆನೋವು. ಅದು ಬರೀ ಸೋಮಾರಿತನವೆಂದು ಅಪ್ಪನ ತೀರ್ಮಾನ. ಈರುಳ್ಳಿಯ ಕೊಳೆತವನ್ನು ಚೀಲ ಬಿಚ್ಚದೆಯೇ ಪತ್ತೆಮಾಡುವ ಮಹಾನುಭಾವನಿಗೆ ಮಗಳ ಮುಖ ಓದಲು ಪುರುಸೊತ್ತಿರಲಿಲ್ಲ.

ಚಿಂತೆ ಹೆಚ್ಚಾಗಿ ತಂಗಿ ನನ್ನನ್ನು ಕರೆಸಿದಳು. ನಾನು ಚಾಮರಾಜನಗರದ ಭಜನೆಮನೆಯ ಹಾರ್ಮೋನಿಯಂ ವಾದಕ. ಮೈಕನ್ನು ನನ್ನಿಂದ ಆದಷ್ಟು ದೂರವಿಡುವುದು ಅಲ್ಲಿನ ಸಂಪ್ರದಾಯ. ಒಂದು ಶನಿವಾರ ಮಧ್ಯಾಹ್ನ, ಯಜಮಾನ ಮಂಡಿಯಲ್ಲಿದ್ದಾಗ, ಮಖಮಲ್ಲನ್ನು ಕಿತ್ತು ಸೋಫಾದ ಮೇಲೆಸೆದೆ. ಧನ್ಯ ಎರಡೂ ಕೈಗಳನ್ನು ತೊಡೆಯಡಿ ಬಚ್ಚಿಟ್ಟುಕೊಂಡು ಕೂತಳು. ಒತ್ತು ಎಂದು ನಾನು ಹೇಳಲಿಲ್ಲ. ಕನ್ನಡದಲ್ಲಿ ನಾವು ವಾದ್ಯವನ್ನು ನುಡಿಸುತ್ತೇವೆ, ಅಂದರೆ ಮಾತಾಡಿಸುತ್ತೇವೆ. ನೀವೇ ಹೇಳಿ, ಪರಿಚಯವೇ ಆಗದವರನ್ನು ಯಾವ ಮಗು ಮಾತಾಡಿಸೀತು?

ಅಷ್ಟರಲ್ಲಿ ಕೇರಳದ ಕಡೆ ಹೊರಟ ಲಾರಿಯೊಂದು ರಾಗವಾಗಿ ಹಾರನ್ ಹೊಡೆಯಿತು. ಅದನ್ನು ಪಿಯಾನೋದ ಮನೆಗಳಲ್ಲಿ ಹುಡುಕಹೊರಟ ನಾನು ಎಂದಿನ ಪ್ರತಿಭೆಯಿಂದ ಎಡವಿದೆ. ಧನ್ಯ ನಕ್ಕಳು, ಒಂದು ಕೈ ಹೊರಬಂತು, ಹಾರನ್ನು ಅವಳಿಗೆ ಸಿಕ್ಕಿತು. ಆಮೇಲೆ ಪಕ್ಕದ ಮದ್ದೂರು ಕಾಡಿನ ಆನೆ ಎಡತುದಿಯ ದಪ್ಪ ಸ್ವರಗಳಲ್ಲಿ ನಡೆದುಬಂತು, ಗೊರವಂಕ ಬಲತುದಿಯಲ್ಲಿ ಕೂತಿತು. ಸಂಜೆಯ ಹೊತ್ತಿಗೆ ಅವಳು ಗತ್ತಿನ, ಗದರುವ ಇನ್ನೊಂದು ಸದ್ದನ್ನು ಕಂಡುಕೊಂಡಿದ್ದಳು. ಬಾಗಿಲಲ್ಲಿ ಮಹದೇವಸ್ವಾಮಿ ನಿಂತಿದ್ದ.

"ಇದ್ಯಾವ ಪಾಠ ಭಾವ? ಮೇಷ್ಟ್ರು ಹೇಳ್ಕೊಟ್ಟಂಗಿಲ್ವಲ್ಲ."

"ಇದು ನೀನೇ ಕಣಪ್ಪ," ಎಂದಳು ಧನ್ಯ. "ಮಂಡೀಲಿ ರೇಟು ಕೂಗೋದು."

ಪಿಯಾನೋದಲ್ಲಿ ತನ್ನ ದನಿ ಕೇಳಿದ ಮನುಷ್ಯ ಸಿಟ್ಟಾಗಬೇಕೋ ಉಬ್ಬಬೇಕೋ ತಿಳಿಯದೆ ನಿಂತ. ಮಗಳು ಕೈಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. ತಾನೇ ಕೊಂಡ ವಾದ್ಯವನ್ನು ಅವನು ಒಮ್ಮೆಯೂ ಮುಟ್ಟಿರಲಿಲ್ಲ. ಪಂಚೆಗೆ ಕೈ ಒರೆಸಿಕೊಂಡು ಒಂದು ಬೆರಳು ಚಾಚಿ, ಹಾಗೇ ಹಿಂದಕ್ಕೆಳೆದುಕೊಂಡ.

"ತಪ್ಪಾಯ್ತದೆ, ಬುಡು ಕೂಸೆ."

"ತಪ್ಪಾದ್ರೂ ನಾ ಸ್ಕೇಲಲ್ಲಿ ಹೊಡಿಯಲ್ಲ ಕಣಪ್ಪ, ಒತ್ತು."

ಸ್ಕೇಲ್ ಎಂದರೆ ಸ್ವರಗಳ ಆರೋಹಣ ಅವರೋಹಣವೆಂದು ಬಲ್ಲ ಪಂಡಿತ ನಾನು. ಮುಚ್ಚಿದ ಬಾಗಿಲ ಹಿಂದೆ ಆ ಮಗು ಕಲಿತ ಸ್ಕೇಲು ಮರದ್ದು. ಮಹದೇವಸ್ವಾಮಿ ಅವಳ ಕೈ ತಿರುಗಿಸಿ ಒಂದೊಂದೇ ಗೆಣ್ಣನ್ನು ಸವರಿ ನೋಡಿದ. ತಂಗಿ ಅಡುಗೆಮನೆಯಿಂದ ಬಂದು ಇನ್ನೊಂದು ಕೈ ಹಿಡಿದುಕೊಂಡಳು.

ಮರುದಿನ ಬಂದ ಮೇಷ್ಟ್ರನ್ನು ಅವನು ಗೇಟಿನಲ್ಲೇ ನಿಲ್ಲಿಸಿದ. ಮಂಡಿಯಲ್ಲಿ ಯಾರೂ ಕೇಳಿರದಷ್ಟು ಮೆತ್ತಗೆ, ಇನ್ನು ಈ ಬೀದಿಗೆ ಬರಬೇಡಿ ಎಂದು ಹೇಳಿ ಕಳಿಸಿದ.

ಈಗ ಅಪ್ಪನೂ ಕಲಿಯುತ್ತಿದ್ದಾನೆ, ಒಂಟಿ ಬೆರಳಿನಲ್ಲಿ. ಅವನು ನುಡಿಸುವುದನ್ನು ಕೇಳಿದರೆ ನನ್ನ ಭಜನೆಯವರು ನನ್ನನ್ನು ಹೊತ್ತು ಮೆರೆಸುತ್ತಾರೆ. ಸ್ವರ ತಪ್ಪಿದಾಗ ಅವನು ಕಳ್ಳನಂತೆ ಪಕ್ಕಕ್ಕೆ ನೋಡುತ್ತಾನೆ. ಧನ್ಯ ಅವನ ಬೆರಳನ್ನು ಎತ್ತಿ ಸರಿಯಾದ ಮನೆಯ ಮೇಲಿಟ್ಟು, ಕಾಯುತ್ತಾಳೆ.