ಬೂಟಣ್ಣ ಸತ್ತ ಸೀನು

ಚಪ್ಪಲಿ ಅಂಗಡಿಯ ಸೇಲ್ಸ್‌ಮನ್ನನ್ನು ಊರೆಲ್ಲ ಬೂಟಣ್ಣ ಎಂದೇ ಕರೆಯುತ್ತಿತ್ತು. ದಿನವಿಡೀ ಗಿರಾಕಿಗಳ ಕಾಲಬುಡದಲ್ಲಿ ಕುಕ್ಕರಗಾಲಲ್ಲಿ ಕೂತು, ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ, ಬೆರಳು ತಾಗುತ್ತಾ ಎಂದು ಕೇಳುವುದೇ ಅವನ ಬದುಕು. ಜನರನ್ನು ಮುಖಕ್ಕಿಂತ ಕಾಲಿನಿಂದ ಗುರುತು ಹಿಡಿಯುವುದೇ ಅವನಿಗೆ ಸಲೀಸು. ಇಂಥವನಿಗೆ ಒಂದು ದಿನ ಸಾಯುವ ಯೋಗ ಕೂಡಿಬಂತು.

ಫೋಟೋ ಸ್ಟುಡಿಯೋದವನು ಸಿನಿಮಾ ತೆಗೆಯಲು ಹೊರಟಿದ್ದ. ಮುಖವಾಡದ ಕೊಲೆಗಾರನೊಬ್ಬ ಸಣ್ಣ ಊರಿನವರನ್ನು ಒಬ್ಬೊಬ್ಬರಾಗಿ ಕೊಚ್ಚಿಹಾಕುವ ಕತೆ. ಸಾಯುವವರಲ್ಲಿ ಬೂಟಣ್ಣನೂ ಒಬ್ಬ. ಸಂಭಾವನೆ ಎಂದರೆ ಟೀ, ಬಿಸ್ಕತ್ತು; ಬಟ್ಟೆಬರೆ ಅವರವರದೇ. ಬೂಟಣ್ಣ ಅಂಗಡಿಯಲ್ಲಿ, ಬಸ್ ಸ್ಟಾಪಿನಲ್ಲಿ, ಸಿಕ್ಕಸಿಕ್ಕವರಿಗೆಲ್ಲ ತಾನು ಸಾಯುತ್ತಿರುವುದಾಗಿ ಸಾರಿಕೊಂಡು ಬಂದ. ಅಮ್ಮ ಮೊದಲು ಗಾಬರಿಬಿದ್ದು, ವಿಷಯ ತಿಳಿದ ಮೇಲೆ ನೆಂಟರಿಗೆಲ್ಲ ಫೋನು ತಿರುಗಿಸಿದಳು. ಅಕ್ಕ ಮಾತ್ರ, “ನೋಡೋಣ, ಅದನ್ನಾದ್ರೂ ನೆಟ್ಟಗೆ ಮಾಡ್ತೀಯಾ ಅಂತ,” ಎಂದಳು. ಅಲ್ಲಿಗೆ ಅದು ಮಾನದ ಪ್ರಶ್ನೆಯಾಯಿತು.

ಶೂಟಿಂಗ್ ನಡೆದದ್ದು ಪಾಳುಬಿದ್ದ ಗೋಡೌನಿನಲ್ಲಿ. ರಕ್ತಕ್ಕೆಂದು ಕೆಂಪು ಬಣ್ಣ ಕಲಸಿದ ಸಕ್ಕರೆಪಾಕ ಇದ್ದದ್ದೇ ಒಂದು ಬಕೆಟ್ಟು. ಬೂಟಣ್ಣ ಕೆಡಿಸಿದರೆ ಅವನ ಸೀನೇ ಇರುವುದಿಲ್ಲ, ಬದಲಿಗೆ ಕ್ಷೌರದಂಗಡಿಯವನ ಕತ್ತು ಹಿಸುಕಿಸುತ್ತೇನೆ, ಅದಕ್ಕೆ ರಕ್ತದ ಖರ್ಚೂ ಇಲ್ಲ ಎಂದು ಸ್ಟುಡಿಯೋದವನು ಮೊದಲೇ ಹೇಳಿಬಿಟ್ಟಿದ್ದ. ಆ ಮಹಾಶಯ ಆಗಲೇ ಮುಖಕ್ಕೆ ಪೌಡರು ಬಳಿದುಕೊಂಡು ಮೂಲೆಯಲ್ಲಿ ಜೊಲ್ಲು ಸುರಿಸುತ್ತ ಕೂತಿದ್ದ.

ಕೊಲೆಗಾರನ ವೇಷದಲ್ಲಿದ್ದ ಬೇಕರಿಯವನು ರಬ್ಬರ್ ಚಾಕು ಬೀಸಿದ. ಬೂಟಣ್ಣ ಅರಚಿದ, ತೂರಾಡಿದ, ಪಾಕದಲ್ಲಿ ಮಿಂದು ಧೊಪ್ಪನೆ ಬಿದ್ದ. ಕಣ್ಣು ತೆರೆದೇ ಸತ್ತ. ಕಿವಿಗೆ ಇರುವೆ ಹತ್ತಿದರೂ ಮಿಸುಕಲಿಲ್ಲ. ಇಷ್ಟು ಚೆನ್ನಾಗಿ ಅವನು ಜೀವನದಲ್ಲಿ ಯಾವ ಕೆಲಸವನ್ನೂ ಮಾಡಿರಲಿಲ್ಲ.

ಅಷ್ಟರಲ್ಲಿ ಕೊಲೆಗಾರನ ಬೂಟು ಅವನ ಮೂಗಿನೆದುರಿಗೇ ಬಂದು ನಿಂತಿತು. ಯಾರಿಂದಲೋ ಕಡ ತಂದ ದೊಗಳೆ ಬೂಟು. ಹೆಣದ ಕೈ ತಾನಾಗಿ ಮೇಲೆದ್ದಿತು. ಹೆಬ್ಬೆರಳು ಬೂಟಿನ ಮೂತಿಯನ್ನು ಮೆಲ್ಲಗೆ ಒತ್ತಿತು.

“ಎರಡು ನಂಬರ್ ದೊಡ್ಡದಾಯ್ತು ಸಾರ್,” ಎಂದಿತು ಹೆಣ.

ಕ್ಷೌರದಂಗಡಿಯವನು ಎದ್ದು ನಿಂತು ಕಾಲರ್ ಸರಿಮಾಡಿಕೊಂಡ. ಆದರೆ ಪಾತ್ರದಲ್ಲಿ ಮುಳುಗಿಹೋಗಿದ್ದ ಬೇಕರಿಯವನಿಗೆ, ತಾನು ಈಗಷ್ಟೇ ಕೊಂದವನು ಕಾಲು ಹಿಡಿದದ್ದು ಕಂಡು ದೆವ್ವವೇ ಕಂಡಂತಾಯಿತು. ಅವನು ಕಿಟಾರನೆ ಕಿರುಚಿಕೊಂಡು, ಮಂಡಿಯೂರಿ, ಎಲ್ಲೆಂದರಲ್ಲಿ ತಿವಿಯತೊಡಗಿದ. ಕ್ಯಾಮೆರಾ ಇನ್ನೂ ಓಡುತ್ತಿತ್ತು. ಅದು ಕಣ್ಣಿಗೆ ಬಿದ್ದದ್ದೇ ತಡ, ಬೂಟಣ್ಣ ಹಿಗ್ಗಿ ಹೀರೇಕಾಯಿಯಾಗಿ, ಕೈಕಾಲು ಬಡಿದು, ಮೊದಲಿಗಿಂತ ಸೊಗಸಾಗಿ ಇನ್ನೊಮ್ಮೆ ಸತ್ತ.

ಸ್ಟುಡಿಯೋದವನು ಆ ಸೀನನ್ನು ಮತ್ತೆ ಮತ್ತೆ ಹಾಕಿ ನೋಡಿದ. ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ, “ಮಾತು ತೆಗೀತೀನಿ, ಸಾವು ಇರ್ಲಿ,” ಎಂದ. ಕ್ಷೌರದಂಗಡಿಯವನು ಪೌಡರು ಒರೆಸಿಕೊಂಡ.

ಬೂಟಣ್ಣ ಮೈಯೆಲ್ಲ ಅಂಟಂಟಾಗಿದ್ದಂತೆಯೇ ಮನೆಗೆ ಫೋನು ಮಾಡಿದ.

“ಅಕ್ಕಾ, ಸತ್ತೆ ಕಣೇ. ಎರಡು ಸಲ.”

ಆ ಕಡೆಯಿಂದ ಅಕ್ಕ ಅಂದಳು:

“ಒಂದೇ ಸಲಕ್ಕೆ ಆಗ್ಲಿಲ್ಲ ಅನ್ನು.”